ಹದಿನೇಳನೇ ನಂಬರಿನ ಕೆಮ್ಮು

ಮಂದಿಯ ಕೆಮ್ಮು ಎಣಿಸುವುದು ನನ್ನ ನೌಕರಿ. ಹಳಿಯಾಳದ ನಮ್ಮ ಓಣಿಯಲ್ಲಿ ಹಾಗೆಂದರೆ ನಗುತ್ತಾರೆಂದು ಮೊದಮೊದಲು ‘ದವಾಖಾನೆ ಕೆಲಸ’ ಎಂದಷ್ಟೇ ಹೇಳುತ್ತಿದ್ದೆ. ಖರೆ ಹೇಳಬೇಕೆಂದರೆ ಎಣಿಸುವುದೂ ನಾನಲ್ಲ, ಯಂತ್ರ. ಹುಬ್ಬಳ್ಳಿಯ ಒಂದು ಆಸ್ಪತ್ರೆಯವರು ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡಗಳಲ್ಲಿ ದಮ್ಮಿನ ರೋಗಿಗಳಿರುವ ಅರವತ್ತು ಮನೆಗಳಿಗೆ ಸಾಬೂನಿನ ಡಬ್ಬಿಯಷ್ಟು ದೊಡ್ಡದಾದ ಒಂದೊಂದು ಪೆಟ್ಟಿಗೆ ಕೊಟ್ಟಿದ್ದಾರೆ. ಅದು ಹಗಲೂ ರಾತ್ರಿ ಕಿವಿ ತೆರೆದು ಕೂತು ಆ ಮನೆಯ ರೋಗಿಯ ಕೆಮ್ಮನ್ನು ಮಾತ್ರ ಹೆಕ್ಕಿ ಎಣಿಸುತ್ತದೆ. ಕೆಮ್ಮು ಹೆಚ್ಚಾದರೆ ಹುಬ್ಬಳ್ಳಿಯ ಪರದೆಯ ಮೇಲೆ ಕೆಂಪು ಬಣ್ಣ ಬರುತ್ತದೆ, ಅಲ್ಲಿಯ ಡಾಕ್ಟರು ಫೋನಿನಲ್ಲೇ ಔಷಧ ಬರೆಯುತ್ತಾರೆ, ನಾನು ಸ್ಕೂಟಿ ಹತ್ತಿ ಅದನ್ನು ಮನೆಗೆ ಮುಟ್ಟಿಸುತ್ತೇನೆ. ಪೆಟ್ಟಿಗೆ ಕೆಮ್ಮು ಬಿಟ್ಟು ಬೇರೆ ಮಾತು ಕೇಳಿಸಿಕೊಳ್ಳುವುದಿಲ್ಲ ಎಂದು ಎಲ್ಲರಿಗೂ ತಿಳಿಸಿ ಹೇಳಬೇಕೆಂದು ನನಗೆ ಕಲಿಸಿದ್ದರು. ನಾಲ್ಕೂ ತಾಲೂಕಿನ ಅತ್ತೆಯರು ಅದರ ಮುಂದೆಯೇ ಸೊಸೆಯರನ್ನು ಬಯ್ಯುತ್ತಾರಾದ್ದರಿಂದ ನನ್ನ ಮಾತನ್ನು ನಂಬಿದ್ದಾರೆಂದು ತಿಳಿದಿದ್ದೇನೆ.

ಹುಬ್ಬಳ್ಳಿಯಲ್ಲಿ ಈ ಯಂತ್ರದ ಜವಾಬ್ದಾರಿ ರೋಹಿತ ಎಂಬ ಇಂಜಿನಿಯರನದು. ಅವನಿಗೆ ಏನು ಹೇಳಿದರೂ ಒಂದೇ ಉತ್ತರ: "ಅದು ಕಲೀತೈತ್ರಿ ಮೇಡಂ." ತೇರಗಾಂವದ ಮಾಲವ್ವನ ಪೆಟ್ಟಿಗೆ ಎರಡು ದಿನ ಎಡೆಬಿಡದೆ ಕೆಂಪು ತೋರಿಸಿತು. ಹೋಗಿ ನೋಡಿದರೆ ಮಾಲವ್ವ ಶೇಂಗಾ ಸುಲಿಯುತ್ತ ಕೂತಿದ್ದಳು, ಪಡಸಾಲೆಯ ಪಕ್ಕದಲ್ಲಿ ಕಟ್ಟಿದ್ದ ಎಮ್ಮೆ ಕೆಮ್ಮುತ್ತಿತ್ತು. ಜೊಯಿಡಾ ಕಡೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲ. ಅಲ್ಲಿಯವರು ಸಂತೆಗೆ ಬರುವಾಗ ಪೆಟ್ಟಿಗೆಯನ್ನೂ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ, ಸಂತೆಯಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ವಾರದ ಕೆಮ್ಮೆಲ್ಲ ಒಮ್ಮೆಲೇ ಹುಬ್ಬಳ್ಳಿಗೆ ಹೋಗುತ್ತದೆ. ಹೀಗಾಗಿ ನಮ್ಮ ಲೆಕ್ಕದಲ್ಲಿ ಜೊಯಿಡಾದ ರೋಗಿಗಳಿಗೆ ಸಂತೆಯ ದಿನ ಮಾತ್ರ ದಮ್ಮು ಹತ್ತುತ್ತದೆ. ಇದನ್ನೂ ರೋಹಿತನಿಗೆ ಹೇಳಿದೆ. ಕಲಿಯುತ್ತದೆ ಎಂದ.

ಈಗ ಹದಿನೇಳನೇ ನಂಬರಿನ ಪೆಟ್ಟಿಗೆಯ ವಿಷಯ.

ಉಸ್ಮಾನಸಾಬರಿಗೆ ಅರವತ್ತಾರು ವರ್ಷ. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ನಲವತ್ತು ವರ್ಷ ಬೀಡಿ ಸೇದಿ ಎದೆ ಕೆಡಿಸಿಕೊಂಡಿದ್ದರು. ಕಳೆದ ಮಳೆಗಾಲದ ಶಿಬಿರದಲ್ಲಿ ಕೊಳವೆ ಊದಿಸಿದಾಗ ಡಾಕ್ಟರು ತಲೆ ಅಲ್ಲಾಡಿಸಿ ಹೆಸರು ಬರೆದುಕೊಂಡರು. ಅವರೂ ಅವರ ಹೆಂಡತಿ ಬದರುನ್ನಿಸಾ ಚಾಚಿಯೂ ಇರುವುದು ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ. ಎರಡು ಮನೆಗಳ ನಡುವಿನ ಗೋಡೆ ಹಂಚಿನ ತನಕ ಹೋಗಿಲ್ಲ, ಎದೆಮಟ್ಟಕ್ಕಿಂತ ಎರಡು ಮೊಳ ಮೇಲೆ ಹೋಗಿ ಸುಸ್ತಾದಂತೆ ನಿಂತಿದೆ. ಆ ಗೋಡೆಯ ಆಚೆ ಇರುವವರು ಸೋಮಪ್ಪ ಕಾಕಾ.

ಸೋಮಪ್ಪ ಕಾಕಾ ಬೈಲಹೊಂಗಲದ ಕಡೆಯಿಂದ ಬಂದು ಮಿಲ್ಲು ಸೇರಿದವರು. ಉಸ್ಮಾನಸಾಬರ ಜೊತೆ ಇಪ್ಪತ್ತೆಂಟು ವರ್ಷ ಒಂದೇ ಖಾತೆಯಲ್ಲಿ ಕೆಲಸ ಮಾಡಿದ್ದಾರೆ. ನಿವೃತ್ತಿಯಾದ ಮೇಲೆ ಹೊಳೆ ದಂಡೆಯ ಒಂದು ರಿಸಾರ್ಟಿನಲ್ಲಿ ಗೇಟ್ ಕಾಯುತ್ತಿದ್ದರು. ನೀಲಿ ಅಂಗಿ, ಟೊಪ್ಪಿಗೆ, ಕಾರು ಬಂದಾಗಲೆಲ್ಲ ಒಂದು ಸಲಾಮು. ಅವರ ಕೆಮ್ಮು ಉಸ್ಮಾನಸಾಬರ ಕೆಮ್ಮಿಗಿಂತ ಹಳೆಯದು, ಆದರೆ ಶಿಬಿರದ ಹತ್ತಿರವೂ ಅವರು ಸುಳಿದಿರಲಿಲ್ಲ. ಹಿಂದಿನ ವರ್ಷ ಇನ್ನೊಬ್ಬ ವಾಚ್‌ಮನ್ ಕೆಮ್ಮುತ್ತಾನೆಂದು ಯಾರೋ ಗಿರಾಕಿ ದೂರು ಕೊಟ್ಟು ಅವನನ್ನು ಮನೆಗೆ ಕಳಿಸಿದ್ದರಂತೆ. ಅಂದಿನಿಂದ ಸೋಮಪ್ಪ ಕಾಕಾ ಡ್ಯೂಟಿಯಲ್ಲಿ ನುಂಗಿಕೊಂಡ ಕೆಮ್ಮನ್ನೆಲ್ಲ ಮನೆಗೆ ಬಂದು ಕೆಮ್ಮುತ್ತಿದ್ದರು. ನಮ್ಮ ಪೆಟ್ಟಿಗೆಗಳಿಗೆ ದೇಣಿಗೆ ಕೊಟ್ಟದ್ದೂ ಅದೇ ರಿಸಾರ್ಟು. ಪ್ರತಿ ಪೆಟ್ಟಿಗೆಯ ಮೇಲೆ ‘ನಿಮ್ಮ ಉಸಿರು, ನಮ್ಮ ಕಾಳಜಿ’ ಎಂದು ಅವರ ಸ್ಟಿಕರ್ ಇದೆ.

ಪೆಟ್ಟಿಗೆ ಕೂರಿಸುವ ದಿನ ರೋಗಿ ಅದರ ಮುಂದೆ ಇಪ್ಪತ್ತು ಸಲ ಕೆಮ್ಮಬೇಕು. ಯಂತ್ರ ಅವರ ಕೆಮ್ಮಿನ ಗುರುತು ಹಿಡಿಯುವುದು ಆಗಲೇ. ನಾನು ಹೋದಾಗ ಉಸ್ಮಾನಸಾಬರು ತೊಳೆದ ಪೈಜಾಮ ಹಾಕಿಕೊಂಡು ಕಾದಿದ್ದರು. ಸೋಮಪ್ಪ ಕಾಕಾ ಚಹಾಕ್ಕೆ ಬಂದು ಬಾಗಿಲ ಪಕ್ಕ ಕೂತಿದ್ದರು. ದಿನವಿಡೀ ಕೆಮ್ಮುವ ಉಸ್ಮಾನಸಾಬರಿಗೆ ಆ ಹೊತ್ತಿನಲ್ಲಿ ಒಂದೂ ಕೆಮ್ಮು ಬರಲಿಲ್ಲ.

"ಮನಿಗೆ ಹೆಣ್ಣಮಗಳು ಬಂದಾಳ, ಇನ್ನೂ ನೀರ ಸೈತ ಕೊಟ್ಟಿಲ್ಲ. ಆಕಿ ಮುಂದ ಹೆಂಗ ಕೆಮ್ಮಲಿ ಬೇಟಿ" ಎಂದರು.

ಅಷ್ಟರಲ್ಲಿ ಪೆಟ್ಟಿಗೆ ಒಂದು ಓಟಿಪಿ ಕೇಳಿತು. ಅದು ಹೋದದ್ದು ಮುಂಡಗೋಡದಲ್ಲಿ ಗ್ಯಾರೇಜು ನಡೆಸುವ ಅವರ ಮಗ ಆಕಿಬನ ಫೋನಿಗೆ. ಮನೆಯೊಳಗೆ ನನ್ನ ಫೋನಿಗೆ ಮಾತಾಡುವಷ್ಟು ಸಿಗ್ನಲ್ ಇಲ್ಲದ್ದರಿಂದ ನಾನು ಓಣಿಯ ತುದಿಗೆ ನಡೆದೆ. ಆಕಿಬ ಟ್ರ್ಯಾಕ್ಟರ್ ಅಡಿಯಿಂದ ಹೊರಬಂದು, ಕೈ ಒರೆಸಿಕೊಂಡು, ಆರು ಅಂಕಿ ಓದಿ ಹೇಳುವ ತನಕ ಹದಿನೈದು ನಿಮಿಷವಾಯಿತು. ತಿರುಗಿ ಬಂದು ನೋಡಿದರೆ ಪೆಟ್ಟಿಗೆಯ ಮೇಲೆ ಹಸಿರು ದೀಪ. ಇಪ್ಪತ್ತು ಕೆಮ್ಮು ದಾಖಲಾಗಿವೆ, ಗುಣಮಟ್ಟ ಅತ್ಯುತ್ತಮ ಎಂದು ನನ್ನ ಫೋನು ಹೇಳಿತು. ಇಬ್ಬರೂ ಗಂಡಸರು ಸಭ್ಯರಾಗಿ ಚಹಾ ಕುಡಿಯುತ್ತಿದ್ದರು. ಬದರುನ್ನಿಸಾ ಚಾಚಿ ಏನೋ ಹೇಳಲು ಬಾಯಿ ತೆರೆದು, ಗಂಡನ ಮುಖ ನೋಡಿ, ಬಿಸ್ಕೀಟಿನ ತಟ್ಟೆ ಮುಂದೆ ಮಾಡಿದರು. ನಾನು ಬಿಸ್ಕೀಟು ತೆಗೆದುಕೊಂಡೆ.

ನಾಲ್ಕನೇ ದಿನದಿಂದಲೇ ಹದಿನೇಳನೇ ನಂಬರು ಕೆಂಪಾಯಿತು. ದಿನಕ್ಕೆ ಎಪ್ಪತ್ತೊಂದು ಕೆಮ್ಮು. ಡಾಕ್ಟರು ಪಂಪು ಬರೆದರು, ಗುಳಿಗೆ ಬರೆದರು. ನಾನು ತಂದುಕೊಟ್ಟು, ಉಸಿರು ಪೂರ್ತಿ ಹೊರಗೆ ಬಿಡಬೇಕು, ಪಂಪು ಒತ್ತಿ ಒಳಗೆ ಎಳೆದುಕೊಳ್ಳಬೇಕು, ಹತ್ತು ಎಣಿಸುವ ತನಕ ಹಿಡಿದಿಡಬೇಕು ಎಂದು ತೋರಿಸಿಕೊಟ್ಟೆ. ಉಸ್ಮಾನಸಾಬರು ಶಾಲೆಯ ಹುಡುಗನಿಗಿಂತ ಲಕ್ಷ್ಯ ಕೊಟ್ಟು ಕೇಳಿದರು. ಮೂರು ವಾರಗಳಲ್ಲಿ ಎಪ್ಪತ್ತೊಂದು ನಲವತ್ತಕ್ಕೆ ಇಳಿಯಿತು, ಆಮೇಲೆ ಇಪ್ಪತ್ತೈದಕ್ಕೆ. ಅರವತ್ತು ರೋಗಿಗಳಲ್ಲಿ ಇಷ್ಟು ಚೆಂದವಾಗಿ ಯಾರೂ ಇಳಿದಿರಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ಹೆಸರು ಎಲ್ಲರ ಬಾಯಲ್ಲಿ ಓಡಾಡತೊಡಗಿತು.

ಒಂದು ಶನಿವಾರ ಮಧ್ಯಾಹ್ನ ಆ ದಾರಿಯಲ್ಲಿ ಹೋಗುತ್ತಿದ್ದವಳು ಹೇಳದೆ ಕೇಳದೆ ಅವರ ಹಿತ್ತಿಲಿಗೆ ಹೊಕ್ಕೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೋಮಪ್ಪ ಕಾಕಾ ಕೂತಿದ್ದರು. ಮೊಣಕಾಲ ಮೇಲೆ ಟೊಪ್ಪಿಗೆ, ಬಾಯಲ್ಲಿ ಪಂಪು. ನಾನು ಕಲಿಸಿದ್ದಂತೆಯೇ ಒತ್ತಿ, ಎಳೆದುಕೊಂಡು, ಉಸಿರು ಹಿಡಿದಿದ್ದರು. ಪಕ್ಕದಲ್ಲಿ ಉಸ್ಮಾನಸಾಬರು ಬೆರಳು ಮಡಚುತ್ತ ಹತ್ತು ಎಣಿಸುತ್ತಿದ್ದರು. ನನ್ನನ್ನು ಕಂಡರೂ ಎಣಿಕೆ ನಿಲ್ಲಿಸಲಿಲ್ಲ. ಹತ್ತು ಮುಗಿಸಿಯೇ ನನ್ನತ್ತ ತಿರುಗಿದರು.

"ಚಾಚಾ, ಆ ಪಂಪ ನಿಮ್ಮದು" ಎಂದೆ.

"ಪಂಪ ನನ್ನ ಹೆಸರಲೆ ಬಂದೈತಿ. ಕೆಮ್ಮು ಅವಂದು" ಎಂದರು.

ಆಗ ಎಲ್ಲ ಹೊರಬಿತ್ತು. ಆ ದಿನ ನಾನು ಓಣಿಯ ತುದಿಗೆ ಹೋದಾಗ ಪೆಟ್ಟಿಗೆ ಕೆಮ್ಮು ಕೇಳುತ್ತ ಮಿಣುಕುತ್ತಿತ್ತು. ಉಸ್ಮಾನಸಾಬರಿಗೆ ಬರುತ್ತಿರಲಿಲ್ಲ. ಸೋಮಪ್ಪ ಕಾಕಾ ಅದನ್ನು ತಮ್ಮ ಕಡೆ ಎಳೆದುಕೊಂಡು ಇಪ್ಪತ್ತೂ ಕೆಮ್ಮಿಕೊಟ್ಟಿದ್ದರು. ಮಿಲ್ಲಿನಲ್ಲಿ ಇವರ ಪಾಳಿಯನ್ನು ಅವರು, ಅವರ ಪಾಳಿಯನ್ನು ಇವರು ಮಾಡಿ ಬೆಳೆದವರು. ಒಬ್ಬನ ಮನೆಯಲ್ಲಿ ಬಾಣಂತನ, ಇನ್ನೊಬ್ಬನ ಊರಿನಲ್ಲಿ ಮದುವೆ. ಮೇಸ್ತ್ರಿಗೆ ಒಂದು ಮಾತು ಹೇಳಿ ಗೆಳೆಯನ ಜಾಗದಲ್ಲಿ ನಿಂತರೆ ಮುಗಿಯಿತು. ಇಲ್ಲಿಯೂ ಅಷ್ಟೇ ಎಂದುಕೊಂಡಿದ್ದರು.

"ಆಮ್ಯಾಗ ನೋಡಿದ್ರ ಈ ಡಬ್ಬಿ ಗ್ವಾಡಿ ಆಚೆ ಕೆಮ್ಮಿದ್ದನ್ನ ಎಣಸ್ತೈತಿ, ನಂದು ಒಂದೂ ಎಣಸೂದಿಲ್ಲ. ಯಾಂವ ಪಾಳಿ ಮಾಡ್ತಾನೋ ಪಗಾರ ಅವಂದು. ಯಾರ ಕೆಮ್ಮೋ ಔಷಧ ಅವರದು" ಎಂದರು ಉಸ್ಮಾನಸಾಬರು.

"ಹಂಗಾದ್ರ ನಿಮ್ಮ ಕೆಮ್ಮಿಗೆ?"

"ನಂದು ಕೆಮ್ಮಲ್ಲ ಬೇಟಿ, ರೂಢಿ. ಇಷ್ಟ ಶ್ಯಾಣ್ಯಾ ಮಷೀನ, ಕೆಮ್ಮಾಗಿದ್ರ ಎಣಸ್ತಿರಲಿಲ್ಲೇನು?"

ಅವರು ಹಾಸ್ಯ ಮಾಡುತ್ತಿರಲಿಲ್ಲ. ಯಂತ್ರ ತಮ್ಮ ಕೆಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ಅವರಿಗೆ ತಮ್ಮ ಆರೋಗ್ಯಕ್ಕೆ ಸಿಕ್ಕ ಸರ್ಟಿಫಿಕೇಟಾಗಿತ್ತು. ಸೋಮಪ್ಪ ಕಾಕಾ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಮೆಲ್ಲಗೆ ಹೇಳಿದರು: "ಯಾರಿಗೂ ಹೇಳಬ್ಯಾಡವಾ. ನನ್ನ ಹೆಸರು ಆ ಕಾಗದದಾಗ ಬಂದ್ರ ಗೇಟಿನ ಕೆಲಸ ಹೋಗ್ತೈತಿ. ಈಗ ಗೇಟ ಮುಂದ ನಿಂತ್ರ ಕೆಮ್ಮು ನುಂಗೂ ಜರೂರನ ಬೀಳವಲ್ದು."

ನಾನು ಆಗಲೇ ಹುಬ್ಬಳ್ಳಿಗೆ ತಿಳಿಸಬೇಕಾಗಿತ್ತು. ತಿಳಿಸಲಿಲ್ಲ. ಸೋಮಪ್ಪ ಕಾಕಾನ ನೌಕರಿಯ ಮೇಲಿನ ಕನಿಕರ ಎಂದು ಹೇಳಿಕೊಳ್ಳಬಹುದು, ಅದೂ ಸ್ವಲ್ಪ ಇತ್ತು. ಹೆಚ್ಚು ಇದ್ದದ್ದು ಬೇರೆ. ಬರುವ ವಾರ ಹುಬ್ಬಳ್ಳಿಯ ಸಭೆಯಲ್ಲಿ ಹದಿನೇಳನೇ ನಂಬರಿನ ಗೆರೆಯನ್ನು ದೊಡ್ಡ ಪರದೆಯ ಮೇಲೆ ತೋರಿಸುವುದಿತ್ತು. ಸಭೆ ಮುಗಿದ ಮೇಲೆ ಉಸ್ಮಾನಸಾಬರ ಕೆಮ್ಮನ್ನೇ ಹೊಸದಾಗಿ ದಾಖಲಿಸೋಣ ಎಂದುಕೊಂಡೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ತಪ್ಪು ಒಪ್ಪಿಕೊಳ್ಳುವುದು ಇನ್ನೂ ಕಷ್ಟ ಎಂದು ಅಲ್ಲಿ ಗೊತ್ತಾಯಿತು. ಉಸ್ಮಾನಸಾಬರಿಗೆ "ನೀವೂ ಪಂಪ ತಗೋರಿ ಚಾಚಾ" ಎಂದು ಹೇಳಿ ಬಂದೆ. ಅವರು ಆಗಲಿ ಎಂದರು. ಅವರು ಯಾವುದಕ್ಕೂ ಇಲ್ಲ ಎಂದವರಲ್ಲ.

ಸಂಕ್ರಾಂತಿ ಕಳೆದ ಮೇಲಿನ ಚಳಿ. ಬೆಳಗ್ಗೆ ಒಂಬತ್ತಕ್ಕೆ ನಾನು ತೇರಗಾಂವದಲ್ಲಿ ಮಾಲವ್ವನ ಪೆಟ್ಟಿಗೆಯನ್ನು ಎಮ್ಮೆಯಿಂದ ದೂರ ಒಯ್ದು ಕಟ್ಟುತ್ತಿದ್ದೆ. ಬದರುನ್ನಿಸಾ ಚಾಚಿಯ ಫೋನು ಬಂತು. ಇವರಿಗೆ ಉಸಿರು ಸಿಗುತ್ತಿಲ್ಲ, ಮಾತಾಡಲು ಆಗುತ್ತಿಲ್ಲ ಎಂದರು. ನಾನು ಮೊದಲು ಮಾಡಿದ್ದೇನೆಂದರೆ ಪರದೆ ನೋಡಿದ್ದು. ಹದಿನೇಳು ಹಸಿರಾಗಿತ್ತು, ನಿನ್ನೆಯ ಕೆಮ್ಮು ಒಂಬತ್ತು. "ಗಾಬರಿ ಆಗಬ್ಯಾಡ್ರಿ ಚಾಚಿ, ಇಲ್ಲಿ ಹಸರ ಐತಿ" ಎಂದುಬಿಟ್ಟೆ. ಅದು ಯಾರ ಕೆಮ್ಮಿನ ಲೆಕ್ಕ ಎಂದು ಆ ಎರಡು ಮನೆಯವರನ್ನು ಬಿಟ್ಟರೆ ಗೊತ್ತಿದ್ದವಳು ನಾನೊಬ್ಬಳೇ. ಬಾಯಿಂದ ಆ ಮಾತು ಹೊರಬಿದ್ದ ಮೇಲೆ ನನಗೆ ಅದು ಹೊಳೆಯಿತು. ದವಾಖಾನೆಗೆ ಕರೆದುಕೊಂಡು ಹೋಗಿರಿ ಎಂದು ಕೂಗಿ ಸ್ಕೂಟಿ ಹತ್ತಿದೆ.

ದಾಂಡೇಲಿಯ ದವಾಖಾನೆ ಮುಟ್ಟಿದಾಗ ಉಸ್ಮಾನಸಾಬರು ಮಂಚದ ಅಂಚಿನಲ್ಲಿ ಮೊಣಕಾಲಿಗೆ ಕೈಯೂರಿ ಬಾಗಿ ಕೂತಿದ್ದರು. ಒಂದೊಂದು ಉಸಿರಿಗೂ ಹೆಗಲೆರಡೂ ಮೇಲೇಳುತ್ತಿದ್ದವು. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಗೇಟು ಬಿಟ್ಟು ಓಡಿಬಂದು ಅವರನ್ನು ರಿಕ್ಷಾದಲ್ಲಿ ಕರೆತಂದಿದ್ದ ಸೋಮಪ್ಪ ಕಾಕಾ ನೀಲಿ ಅಂಗಿಯಲ್ಲೇ ಬಾಗಿಲಲ್ಲಿ ನಿಂತಿದ್ದರು.

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಮ್ಲಜನಕ ಹಚ್ಚಿ, ನನ್ನ ಫೋನು ಇಸಿದುಕೊಂಡು ಹದಿನೇಳನೇ ನಂಬರಿನ ಚರಿತ್ರೆ ನೋಡಿದರು. ಎರಡು ತಿಂಗಳು ಪೂರ್ತಿ ಔಷಧ, ಕೆಮ್ಮು ಎಪ್ಪತ್ತೊಂದರಿಂದ ಒಂಬತ್ತು.

"ಇಷ್ಟು ಔಷಧದ ಮ್ಯಾಲೆ, ಎದಿ ಇಷ್ಟು ಸುಧಾರಿಸಿದ ಮ್ಯಾಲೆ ಹಿಂಗಾಗೇತಿ ಅಂದ್ರ ಇದು ಹಾರ್ಟಿನ ತ್ರಾಸ ಇರಬೇಕು. ನಾ ಹುಬ್ಬಳ್ಳಿಗೆ ಕಳಸ್ತೇನಿ" ಎಂದರು.

ಅವರದು ತಪ್ಪಲ್ಲ. ಆ ಗೆರೆ ನೋಡಿದ ಯಾರೇ ಆದರೂ ಹಾಗೆಯೇ ಅನ್ನುತ್ತಿದ್ದರು. ಹುಬ್ಬಳ್ಳಿ ಎರಡು ತಾಸಿನ ದಾರಿ. ಆ ಉಸಿರು ಅಷ್ಟು ದೂರ ಬಾಳುವುದಿಲ್ಲ ಎಂದು ನನಗೂ ತಿಳಿಯುತ್ತಿತ್ತು.

"ಔಷಧ ದಿನಾ ತಗೋತಿದ್ರೇನ್ರಿ?" ಎಂದು ಡಾಕ್ಟರು ಕೇಳಿದರು.

ಉಸ್ಮಾನಸಾಬರು ಸೋಮಪ್ಪ ಕಾಕಾನ ಮುಖ ನೋಡಿ, ಹೌದೆಂದು ತಲೆ ಆಡಿಸಿದರು. ಬದರುನ್ನಿಸಾ ಚಾಚಿ ನನ್ನ ಮುಖ ನೋಡಿದರು. ನಾನು ಹೇಳಬೇಕಾಗಿತ್ತು. ನೌಕರಿ ಕಣ್ಣ ಮುಂದೆ ಬಂತು, ಚಪ್ಪಾಳೆ ನೆನಪಾಯಿತು, ಒಂದು ಗಳಿಗೆ ಬಾಯಿ ಕಟ್ಟಿತು. ಆ ಒಂದು ಗಳಿಗೆಯ ನಾಚಿಕೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಸೋಮಪ್ಪ ಕಾಕಾ ಟೊಪ್ಪಿಗೆ ತೆಗೆದು ಒಳಗೆ ಬಂದರು.

"ಡಾಕ್ಟ್ರವ್ವ, ಅಂವ ಒಂದ ಗುಳಿಗಿನೂ ತಗೊಂಡಿಲ್ರಿ. ಎಲ್ಲಾ ನಾ ತಗೊಂಡೇನಿ. ಅದರಾಗ ಬರದದ್ದು ನನ್ನ ಕೆಮ್ಮು. ಇವಂಗ ಎಲ್ಡ ತಿಂಗಳಾತು, ಏನೂ ಔಷಧ ಇಲ್ಲ."

"ನೀವ್ಯಾರು?"

"ಸೋಮಪ್ಪ. ರಿಸಾರ್ಟ ಗೇಟಿನ್ಯಾಗ ವಾಚ್‌ಮನ್ ಅದೇನ್ರಿ. ನನಗ ದಮ್ಮಿನ ಬ್ಯಾನಿ ಆಗಿ ಆರು ವರ್ಷಾತು. ಬರಕೋರಿ."

ಉಸ್ಮಾನಸಾಬರು ಮುಖದ ಮೇಲಿನ ಮಾಸ್ಕ್ ಕಿತ್ತು ಅವರನ್ನು ತಡೆಯಲು ಕೈ ಚಾಚಿದರು. ಮಾತಿಗೆ ಉಸಿರಿರಲಿಲ್ಲ. ಡಾಕ್ಟರು ಗದರಿಸಿ ಮಾಸ್ಕ್ ಮತ್ತೆ ಹಾಕಿದರು. ನನ್ನ ಕಡೆ ತಿರುಗಿ "ಖರೇ ಏನು?" ಎಂದರು. ಆಗ, ಇನ್ನೊಬ್ಬರು ಹೇಳಿ ಮುಗಿಸಿದ ಮೇಲೆ, ನಾನು ಖರೆ ಎಂದೆ. ಅವರು ಹುಬ್ಬಳ್ಳಿಯ ಮಾತು ಬಿಟ್ಟು ದಮ್ಮಿಗೆ ಕೊಡುವ ಚುಚ್ಚುಮದ್ದು ಕೊಟ್ಟರು, ಔಷಧದ ಹಬೆ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಹೆಗಲ ಕುಣಿತ ನಿಂತಿತು. ಉಸ್ಮಾನಸಾಬರ ಬಾಯಿಂದ ಹೊರಟ ಮೊದಲ ಪೂರ್ತಿ ಮಾತು ಸೋಮಪ್ಪ ಕಾಕಾನಿಗೆ ಬೈಗುಳ. ಚಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಡಾಕ್ಟರು ಸೋಮಪ್ಪ ಕಾಕಾನ ಎದೆಯನ್ನೂ ಪರೀಕ್ಷಿಸಿ, ಅವರದೇ ಹೆಸರಿನಲ್ಲಿ ಪಂಪು ಬರೆದುಕೊಟ್ಟರು.

ನಾನು ಹುಬ್ಬಳ್ಳಿಗೆ ಫೋನು ಮಾಡಿ ರೋಹಿತನಿಗೆ ಎಲ್ಲ ಹೇಳಿದೆ. ನೌಕರಿ ಹೋಯಿತೆಂದು ಗಟ್ಟಿ ಮಾಡಿಕೊಂಡೇ ಹೇಳಿದೆ. ಅವನು ಕೇಳಿದ್ದು ಒಂದೇ:

"ಅಂದ್ರ ಮೇಡಂ, ಗ್ವಾಡಿ ಆಚೆ ಇದ್ದ ಮನುಷ್ಯಾನ ಕೆಮ್ಮು ಎರಡು ತಿಂಗಳು ಒಂದೂ ತಪ್ಪದ ಗುರತ ಹಿಡದೈತಿ? ಬಾಜೂಕ ಇನ್ನೊಬ್ಬಾಂವ ಕೆಮ್ಮತಿದ್ರೂ ಗೊಂದಲ ಆಗಿಲ್ಲ?"

"ಆಗಿಲ್ಲ" ಎಂದೆ.

"ಭಾಳ ಛಲೋ ರಿಸಲ್ಟ್ ಐತ್ರಿ ಇದು" ಎಂದ.

ಹದಿನೈದು ದಿನದಲ್ಲಿ ವರದಿ ಸಿದ್ಧವಾಯಿತು. ಅದರಲ್ಲಿ ತಪ್ಪು ಎಂಬ ಪದವೇ ಇರಲಿಲ್ಲ. ಯಂತ್ರದ ಕಿವಿ ಎಷ್ಟು ಸೂಕ್ಷ್ಮ ಎಂದು ಎರಡು ಪುಟ ಇತ್ತು. ಉದಾಹರಣೆಗೆ ಸೋಮಪ್ಪ ಕಾಕಾನ ಹೆಸರು, ವಯಸ್ಸು, ಉದ್ಯೋಗ ಎಲ್ಲವೂ ಇದ್ದವು. ವರದಿ ದೇಣಿಗೆ ಕೊಟ್ಟವರಿಗೂ ಹೋಗುವುದು ಪದ್ಧತಿ. ಒಂದನೇ ತಾರೀಖಿನಿಂದ ಬರಬೇಡ ಎಂದು ರಿಸಾರ್ಟಿನವರು ಸೋಮಪ್ಪ ಕಾಕಾನಿಗೆ ಹೇಳಿದರು.

ನಾನು ಮ್ಯಾನೇಜರನ ಮುಂದೆ ಹೋಗಿ ನಿಂತೆ. ಎಪ್ಪತ್ತೊಂದು ಇದ್ದದ್ದು ಒಂಬತ್ತಾಗಿದೆ, ಈ ಮನುಷ್ಯ ಈಗ ಗುಣವಾಗಿದ್ದಾನೆ, ನಿಮ್ಮ ಪೆಟ್ಟಿಗೆಯೇ ಹೇಳುತ್ತಿದೆ ಎಂದೆ. ಅವನು ಒಳ್ಳೆಯ ಮಾತಿನ ಮನುಷ್ಯ, ಕುರ್ಚಿ ಕೊಟ್ಟ.

"ಗುಣ ಆಗೇತಿ ಅಂತ ನಿಮ್ಮ ಆಸ್ಪತ್ರೆಯವರು ಸರ್ಟಿಫಿಕೇಟ್ ಕೊಡ್ಲಿ, ನಾಳೆನ ತಗೋತೀನ್ರಿ" ಎಂದ.

ರೋಹಿತನನ್ನು ಕೇಳಿದೆ. ಯೋಜನೆಯಲ್ಲಿ ಹೆಸರಿದ್ದವರಿಗೆ ಮಾತ್ರ ಸರ್ಟಿಫಿಕೇಟು ಎಂದ. ಹಾಗಾದರೆ ಹೆಸರು ಸೇರಿಸಿಕೊಳ್ಳಿ ಎಂದೆ. ಸೇರಬೇಕಾದರೆ ದಿನಕ್ಕೆ ಕನಿಷ್ಠ ಮೂವತ್ತು ಕೆಮ್ಮು ಇರಬೇಕು, ಅವರಿಗೆ ಒಂಬತ್ತೇ ಇವೆ ಎಂದ. ಔಷಧ ನಿಲ್ಲಿಸಿದರೆ ಮೂವತ್ತಾಗಬಹುದು, ಆಗ ಸೇರಿಸಿಕೊಂಡು, ಮತ್ತೆ ಕಡಿಮೆಯಾದ ಮೇಲೆ ಸರ್ಟಿಫಿಕೇಟು ಕೊಡಬಹುದು ಎಂದು ಸೇರಿಸಿದ. ನಿಯಮಗಳೇನು ಪೆಟ್ಟಿಗೆಯೇ, ಕಲಿಯಲಿಕ್ಕೆ?

ಇದನ್ನು ತಿಳಿಸಲು ನಾನು ಸಾಲುಮನೆಗೆ ಹೋದೆ. ಉಸ್ಮಾನಸಾಬರು ಗೋಡೆಗೆ ಒರಗಿ ಕೂತಿದ್ದರು, ಸೊರಗಿದ್ದರು. ಸೋಮಪ್ಪ ಕಾಕಾ ಬಾಗಿಲ ಪಕ್ಕ ಎಂದಿನ ಜಾಗದಲ್ಲಿ ಬರೀ ಬನಿಯನ್ನಿನಲ್ಲಿ ಕೂತಿದ್ದರು. ದವಾಖಾನೆಯಿಂದ ಬಂದ ದಿನದಿಂದ ಉಸ್ಮಾನಸಾಬರು ಅವರ ಜೊತೆ ಮಾತು ಬಿಟ್ಟಿದ್ದಾರೆಂದು ಚಾಚಿ ನನಗೆ ಬಾಗಿಲಲ್ಲೇ ಪಿಸುಗುಟ್ಟಿದ್ದರು. ಆದರೂ ಸೋಮಪ್ಪ ಕಾಕಾ ದಿನಾ ಬಂದು ಕೂತು, ಚಹಾ ಕುಡಿದು ಹೋಗುತ್ತಿದ್ದರಂತೆ. ನಾನು ಮ್ಯಾನೇಜರನ ಮಾತು, ರೋಹಿತನ ಮಾತು ಎಲ್ಲ ಹೇಳಿದೆ. ನನ್ನ ತಪ್ಪನ್ನೂ ಹೇಳಿ ಕ್ಷಮೆ ಕೇಳಿದೆ. ಸೋಮಪ್ಪ ಕಾಕಾ "ಇರಲಿ ಬಿಡವಾ" ಎಂದರು.

ಉಸ್ಮಾನಸಾಬರಿಗೆ ತಡೆಯಲಾಗಲಿಲ್ಲ. ಮಾತಿನ ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ ಹೇಳಿದರು:

"ನಾ ಹೂಂ ಅಂತ ತಲಿ ಹಾಕಿದ್ದೆ. ಆ ಡಾಕ್ಟ್ರಗೂ ಖರೆ ಅನಿಸಿತ್ತು. ನಿನಗ ಯಾಂವ ಬಾಯಿ ತಗಿ ಅಂದಿದ್ದ? ಅರವತ್ತೈದರ ಮುದಕಗ ಇನ್ನ ಈ ಊರಾಗ ಯಾರ ಗೇಟ ಕೊಡ್ತಾರ ಹೇಳು, ಸೋಮ್ಯಾ."

ಯಾರೂ ಕೊಡುವುದಿಲ್ಲವೆಂದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಸೋಮಪ್ಪ ಕಾಕಾ ಬಸಿಯಲ್ಲಿದ್ದ ಚಹಾ ಮುಗಿಸಿ, ಬಸಿಯನ್ನು ನೆಲಕ್ಕಿಟ್ಟರು.

"ಗೇಟ ಇನ್ನೊಂದ ಸಿಗಬಹುದು" ಎಂದರು. "ನೀ ಹೋಗಿಬಿಟ್ಟಿದ್ರ ಈ ಬಾಜೂ ಮನಿಗೆ ಯಾವ ಹಲ್ಕಟ್ ಬರ್ತಿದ್ನೋ ಏನೋ."

ಉಸ್ಮಾನಸಾಬರು ಚಾಚಿಯನ್ನು ಕರೆದು, ಅವನಿಗೆ ಇನ್ನೊಂದು ಕಪ್ ಚಹಾ ಕೊಡು ಎಂದರು.